ಔಷಧಿಗೆ ಬಗ್ಗದ ಕೆಚ್ಚಲ ಗುಳ್ಳೆ: ಹರಡುವ ಬಗೆ ಮತ್ತು ತಡೆಯುವ ಕ್ರಮ



ಹಸುವಿನ ಮೊಲೆತೊಟ್ಟಿನ ಬುಡದಲ್ಲಿ ಸಾಸಿವೆ ಕಾಳಿನಷ್ಟು, ಕೆಲವೊಮ್ಮೆ ಜೋಳದ ಕಾಳಿನಷ್ಟು ದಪ್ಪದ ಕೀವುಗುಳ್ಳೆಗಳು ಏಳುವುದನ್ನು ನಿಮ್ಮಲ್ಲಿ ಬಹಳ ಮಂದಿ ಕಂಡಿರುತ್ತೀರಿ. ಹಾಲು ಕರೆಯುವಾಗ ಅವು ಒಡೆಯುತ್ತವೆ, ಹಕ್ಕಳೆ ಕಟ್ಟುತ್ತವೆ. ಹಾಲು ಕಡಿಮೆಯಾಗಿಲ್ಲ, ಹಸು ಮೇವು ಬಿಟ್ಟಿಲ್ಲ. ಆದ್ದರಿಂದ ಯಾರೂ ಅದನ್ನು ರೋಗವೆಂದು ಎಣಿಸುವುದಿಲ್ಲ. ಕೆಲವು ದಿನಗಳಲ್ಲಿ ಪಕ್ಕದ ಹಸುವಿಗೂ ಅದೇ ಗುಳ್ಳೆ ಬರುತ್ತದೆ. ಆಮೇಲೆ ಒಂದು ಹಸುವಿನ ಹಾಲಿನಲ್ಲಿ ಗರಣೆ ಕಾಣುತ್ತದೆ. ಅಷ್ಟರಲ್ಲಿ ಹಾಲು ಕರೆಯುವವರ ಬೆರಳಿನಲ್ಲೋ ಮುಂಗೈಯಲ್ಲೋ ಒಂದು ಕುರು ಎದ್ದಿರುತ್ತದೆ.

ಈ ಗುಳ್ಳೆ, ಗರಣೆ, ಕುರು ಬೇರೆ ಬೇರೆ ಎಂದು ನಾವು ತಿಳಿಯುತ್ತೇವೆ. ಆದರೆ ಅನೇಕ ಸಂದರ್ಭಗಳಲ್ಲಿ ಮೂರೂ ಒಂದೇ ರೋಗಾಣುವಿನ ಕೆಲಸ. ಈ ರೋಗಾಣು ಕೊಟ್ಟಿಗೆಯಲ್ಲಿ ನಡೆಯುವ ದಾರಿ ಹಾಲು ಕರೆಯುವ ಕೈ. ಇಂದು ಈ ರೋಗಾಣುವಿನ ಕೆಲವು ತಳಿಗಳು ನಾವು ನಂಬಿಕೊಂಡ ಔಷಧಿಗಳಿಗೆ ಬಗ್ಗದೆ ನಿಂತಿವೆ. ಔಷಧಿ ಸೋತರೆ ಮುಂದೇನು ಎಂದು ಹೆದರುವುದಕ್ಕಿಂತ, ಅದು ಹರಡುವ ದಾರಿಯನ್ನೇ ಕಟ್ಟುವುದು ಜಾಣತನ. ಆ ದಾರಿ ಕಟ್ಟುವುದು ಹೇಗೆಂಬುದನ್ನು ಈ ಲೇಖನದಲ್ಲಿ ತಿಳಿಯೋಣ.

ರೋಗಾಣು ಯಾವುದು?

ಇದರ ಹೆಸರು ಸ್ಟೆಫೈಲೋಕಾಕಸ್ ಆರಿಯಸ್. ಸ್ಕಾಟ್ಲೆಂಡಿನ ಶಸ್ತ್ರವೈದ್ಯ ಅಲೆಕ್ಸಾಂಡರ್ ಆಗ್‌ಸ್ಟನ್ 1880ರ ದಶಕದ ಆರಂಭದಲ್ಲಿ ಕುರುವಿನ ಕೀವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ಈ ರೋಗಾಣುಗಳು ದ್ರಾಕ್ಷಿ ಗೊಂಚಲಿನಂತೆ ಕಂಡವು. ಗ್ರೀಕ್ ಭಾಷೆಯ ದ್ರಾಕ್ಷಿ ಗೊಂಚಲಿನ ಪದದಿಂದಲೇ ಈ ಹೆಸರು ಬಂದಿದೆ.

ಆರೋಗ್ಯವಂತರಾದ ಸುಮಾರು ಮೂವರಲ್ಲಿ ಒಬ್ಬರ ಮೂಗಿನೊಳಗೆ ಇದು ಯಾವ ತೊಂದರೆಯನ್ನೂ ಕೊಡದೆ ವಾಸವಾಗಿರುತ್ತದೆ. ಹಸುವಿನ ಚರ್ಮದ ಮೇಲೆ, ಅದರಲ್ಲೂ ಒಡೆದ ಮೊಲೆತೊಟ್ಟಿನ ಮೇಲೆ ಇದು ನೆಲೆ ನಿಲ್ಲುತ್ತದೆ. ಚರ್ಮ ಗಟ್ಟಿಯಾಗಿರುವ ತನಕ ಅದು ಬಾಗಿಲ ಹೊರಗೆ ನಿಂತ ಕಳ್ಳನಿದ್ದಂತೆ. ಗೀರು, ಬಿರುಕು, ಹುಳುಕಡಿತ, ಒರಟಾಗಿ ಕರೆದು ಆದ ಗಾಯ ಸಿಕ್ಕಿದರೆ ಒಳಗೆ ನುಗ್ಗುತ್ತದೆ. ಚರ್ಮದಲ್ಲಿ ನಿಂತರೆ ಗುಳ್ಳೆ ಮತ್ತು ಕುರು. ಮೊಲೆಯ ರಂಧ್ರದ ಮೂಲಕ ಒಳಗೆ ಹೋದರೆ ಕೆಚ್ಚಲು ಬಾವು.

ಕೆಚ್ಚಲಿನ ಒಳಗೆ ಸೇರಿದ ಮೇಲೆ ಇದನ್ನು ಹೊರಗೆ ಹಾಕುವುದು ಕಷ್ಟ. ಅದು ಮಾಂಸದ ನಡುವೆ ಸಣ್ಣ ಸಣ್ಣ ಕೀವಿನ ಗೂಡುಗಳನ್ನು ಕಟ್ಟಿಕೊಂಡು ಕುಳಿತುಕೊಳ್ಳುತ್ತದೆ. ಅಲ್ಲಿಗೆ ಔಷಧಿ ಸರಿಯಾಗಿ ತಲುಪುವುದಿಲ್ಲ. ಆದ್ದರಿಂದಲೇ ಕೆಲವು ಹಸುಗಳಲ್ಲಿ ಬಾವು ವಾಸಿಯಾದಂತೆ ಕಂಡು, ತಿಂಗಳೊಳಗೆ ಮತ್ತೆ ಮರುಕಳಿಸುತ್ತದೆ.

ಔಷಧಿಗೆ ಬಗ್ಗದಿರುವುದು ಎಂದರೇನು?

"ನಮ್ಮ ಹಸುವಿನ ಮೈಗೆ ಈ ಇಂಜೆಕ್ಷನ್ ಒಗ್ಗಿಹೋಗಿದೆ, ಅದಕ್ಕೇ ಕೆಲಸ ಮಾಡುತ್ತಿಲ್ಲ" ಎಂದು ಸದಸ್ಯರು ಹೇಳುವುದುಂಟು. ಇದು ತಪ್ಪು ತಿಳಿವಳಿಕೆ. ಒಗ್ಗಿಹೋಗಿರುವುದು ಹಸುವಿನ ಮೈಗಲ್ಲ, ರೋಗಾಣುವಿಗೆ. ಈ ವ್ಯತ್ಯಾಸ ಬಹಳ ಮುಖ್ಯ. ಏಕೆಂದರೆ ಹಸುವಿನ ಮೈ ಆ ಹಸುವಿನ ಜೊತೆಯಲ್ಲೇ ಇರುತ್ತದೆ. ರೋಗಾಣು ಮಾತ್ರ ಒಂದು ಹಸುವಿನಿಂದ ಇನ್ನೊಂದಕ್ಕೆ, ಹಸುವಿನಿಂದ ಮನುಷ್ಯನಿಗೆ, ಮನುಷ್ಯನಿಂದ ಹಸುವಿಗೆ ದಾಟುತ್ತದೆ. ದಾಟುವಾಗ ತನ್ನ ಬಗ್ಗದ ಗುಣವನ್ನೂ ಹೊತ್ತುಕೊಂಡು ಹೋಗುತ್ತದೆ.

ರಾಗಿ ಹೊಲದ ಕಳೆಯನ್ನು ನೆನೆಯಿರಿ. ಕಳೆನಾಶಕವನ್ನು ಅರ್ಧ ಪ್ರಮಾಣದಲ್ಲಿ ಹೊಡೆದರೆ ಎಳೆಯ ಕಳೆ ಸಾಯುತ್ತದೆ, ಗಟ್ಟಿ ಕಳೆ ಉಳಿಯುತ್ತದೆ. ಉಳಿದದ್ದೇ ಬೀಜ ಕಟ್ಟುತ್ತದೆ. ಮುಂದಿನ ವರ್ಷ ಹೊಲದ ತುಂಬ ಗಟ್ಟಿ ಕಳೆಯೇ. ರೋಗಾಣುಗಳಲ್ಲಿಯೂ ಹೀಗೆಯೇ. ಆದರೆ ಅವುಗಳಿಗೆ ಒಂದು ವರ್ಷ ಬೇಕಿಲ್ಲ. ಅರ್ಧ ಗಂಟೆಗೊಮ್ಮೆ ಒಂದು ಎರಡಾಗುವ ರೋಗಾಣು, ಅನುಕೂಲ ಸಿಕ್ಕರೆ 10 ಗಂಟೆಗಳಲ್ಲಿ 10 ಲಕ್ಷವನ್ನು ಮೀರುತ್ತದೆ. ಸಂಜೆ ಕರೆದ ನಂತರ ಉಳಿದ ಒಂದೇ ಒಂದು ಗಟ್ಟಿ ರೋಗಾಣು ಬೆಳಗಿನ ಹಾಲಿನ ಹೊತ್ತಿಗೆ ಸೈನ್ಯವಾಗಿರಬಹುದು.

ಸ್ವಲ್ಪ ಹಿನ್ನೆಲೆ

ಅಲೆಕ್ಸಾಂಡರ್ ಫ್ಲೆಮಿಂಗ್ 1928ರಲ್ಲಿ ಪೆನಿಸಿಲಿನ್ ಕಂಡುಹಿಡಿದದ್ದು ಇದೇ ಸ್ಟೆಫೈಲೋಕಾಕಸ್ ಬೆಳೆಸಿದ್ದ ತಟ್ಟೆಯಲ್ಲಿ. ತಟ್ಟೆಗೆ ಬೂಷ್ಟು ಹಿಡಿದಿತ್ತು, ಬೂಷ್ಟಿನ ಸುತ್ತ ಇದ್ದ ರೋಗಾಣುಗಳು ಕರಗಿಹೋಗಿದ್ದವು. 1945ರಲ್ಲಿ ನೊಬೆಲ್ ಪಾರಿತೋಷಕ ಪಡೆದಾಗ ಮಾಡಿದ ಭಾಷಣದಲ್ಲಿ ಅವರೇ ಒಂದು ಎಚ್ಚರಿಕೆ ಕೊಟ್ಟರು: ರೋಗಾಣು ಸಾಯದಷ್ಟು ಕಡಿಮೆ ಪ್ರಮಾಣದಲ್ಲಿ ಔಷಧಿ ಕೊಟ್ಟರೆ, ಅದಕ್ಕೆ ಔಷಧಿಯನ್ನು ತಡೆದುಕೊಳ್ಳುವುದನ್ನು ಕಲಿಸಿದಂತಾಗುತ್ತದೆ ಎಂದು. ಆ ಮಾತು ಬೇಗನೆ ನಿಜವಾಯಿತು. ಪೆನಿಸಿಲಿನ್ನನ್ನೇ ಕತ್ತರಿಸಿ ಹಾಕುವ ಕಿಣ್ವವನ್ನು ತಯಾರಿಸುವ ತಳಿಗಳು 1940ರ ದಶಕದಲ್ಲಿಯೇ ಆಸ್ಪತ್ರೆಗಳಲ್ಲಿ ಕಾಣಿಸಿಕೊಂಡವು.

ಅವುಗಳನ್ನು ಸೋಲಿಸಲು 1959ರಲ್ಲಿ ಮೆಥಿಸಿಲಿನ್ ಎಂಬ ಹೊಸ ಔಷಧಿ ಬಂತು. ಎರಡೇ ವರ್ಷದಲ್ಲಿ, 1961ರಲ್ಲಿ, ಅದಕ್ಕೂ ಬಗ್ಗದ ತಳಿಗಳು ಇಂಗ್ಲೆಂಡಿನಲ್ಲಿ ವರದಿಯಾದವು. ಇವನ್ನೇ ವೈದ್ಯರು ಎಂ.ಆರ್.ಎಸ್.ಎ. ಎಂದು ಕರೆಯುತ್ತಾರೆ. ಮೆಥಿಸಿಲಿನ್ ಇಂದು ಬಳಕೆಯಲ್ಲಿಲ್ಲದಿದ್ದರೂ ಹೆಸರು ಉಳಿದಿದೆ. ಪೆನಿಸಿಲಿನ್ ಮನೆತನದ ಬಹುತೇಕ ಎಲ್ಲ ಔಷಧಿಗಳೂ ಈ ತಳಿಯ ಮುಂದೆ ನಡೆಯುವುದಿಲ್ಲ.

ಇದು ಆಸ್ಪತ್ರೆಯ ಕಾಯಿಲೆ, ನಮಗೇಕೆ ಎನ್ನಬಹುದು. 1972ರಲ್ಲಿ ಬೆಲ್ಜಿಯಂ ದೇಶದ ಪಶುವೈದ್ಯ ವಿಜ್ಞಾನಿಗಳು ಎಂ.ಆರ್.ಎಸ್.ಎ.ಯನ್ನು ಪ್ರಾಣಿಗಳಲ್ಲಿ ಮೊದಲ ಬಾರಿಗೆ ಗುರುತಿಸಿದ್ದು ಕೆಚ್ಚಲು ಬಾವು ಬಂದ ಹಸುಗಳ ಹಾಲಿನಲ್ಲಿ. 2005ರ ಹೊತ್ತಿಗೆ ಹಾಲೆಂಡಿನಲ್ಲಿ ಹಂದಿ ಸಾಕುವವರಿಗೂ ಅವರ ಹಂದಿಗಳಿಗೂ ಒಂದೇ ತಳಿ ಇರುವುದು ಪತ್ತೆಯಾಯಿತು. 2011ರಲ್ಲಿ ಇಂಗ್ಲೆಂಡಿನಲ್ಲಿ ಹಸುವಿನ ಹಾಲನ್ನು ಪರೀಕ್ಷಿಸುವಾಗ ಸಿಕ್ಕ ಹೊಸ ಬಗೆಯ ತಳಿ, ಮನುಷ್ಯರ ಮಾದರಿಗಳಲ್ಲಿಯೂ ಇರುವುದು ತಿಳಿಯಿತು. ನಮ್ಮ ದೇಶದಲ್ಲಿಯೂ ಕೆಚ್ಚಲು ಬಾವಿನ ಹಾಲಿನಲ್ಲಿ ಇಂಥ ತಳಿಗಳು ಸಿಕ್ಕಿವೆ. ಊರಿಗೆ ಬಂದವಳು ನೀರಿಗೆ ಬಾರದಿರುವಳೆ? ಕೊಟ್ಟಿಗೆಗೆ ಬಂದದ್ದು ಮನೆಗೆ, ಮನೆಗೆ ಬಂದದ್ದು ಕೊಟ್ಟಿಗೆಗೆ ಬಂದೇ ಬರುತ್ತದೆ.

ಹರಡುವ ಬಗೆ

ಈ ರೋಗಾಣು ಗಾಳಿಯಲ್ಲಿ ಹಾರಿ ಬರುವುದು ಕಡಿಮೆ. ಅದು ಮುಟ್ಟಿದಲ್ಲಿಂದ ಮುಟ್ಟಿದಲ್ಲಿಗೆ ಹೋಗುತ್ತದೆ. ನಿಮ್ಮ ಮನೆಯಲ್ಲಿ 3 ಹಸುಗಳಿವೆ, ಮೊದಲನೆಯದರ ತೊಟ್ಟಿನಲ್ಲಿ ಗುಳ್ಳೆ ಇದೆ ಎಂದಿಟ್ಟುಕೊಳ್ಳಿ. ಈಗ ನಿತ್ಯದ ಪದ್ಧತಿಯನ್ನು ನೋಡೋಣ.

ಒಂದು ಬಕೆಟ್ ನೀರು, ಒಂದು ಬಟ್ಟೆ. ಮೊದಲನೆಯ ಹಸುವಿನ ಕೆಚ್ಚಲು ಒರೆಸಿದ ಬಟ್ಟೆಯನ್ನು ಅದೇ ನೀರಿನಲ್ಲಿ ಹಿಂಡಿ ಎರಡನೆಯದಕ್ಕೆ, ಮೂರನೆಯದಕ್ಕೆ ಬಳಸುತ್ತೇವೆ. ಮೊದಲ ಧಾರೆಯನ್ನು ಅಂಗೈಗೆ ಹಿಂಡಿಕೊಂಡು ನೋಡುತ್ತೇವೆ. ಬೆರಳು ಜಾರಲೆಂದು ಹಾಲಿನ ನೊರೆಯಲ್ಲಿ ಅದ್ದುತ್ತೇವೆ. ಕೈ ತೊಳೆಯದೆ ಮುಂದಿನ ಹಸುವಿಗೆ ಕೂರುತ್ತೇವೆ. ಹೆಬ್ಬೆರಳು ಮಡಚಿ ಗೆಣ್ಣಿನಿಂದ ಒತ್ತಿ ಎಳೆಯುವುದರಿಂದ ತೊಟ್ಟಿಗೆ ಗಾಯವಾಗುತ್ತದೆ. ಕರೆದು ಮುಗಿದ ಕೂಡಲೇ ಹಸು ಸಗಣಿಯ ಮೇಲೆ ಮಲಗುತ್ತದೆ. ಕೊನೆಗೆ ಅದೇ ಒದ್ದೆ ಬಟ್ಟೆಯಿಂದ ನಮ್ಮ ಕೈಯನ್ನೂ ಒರೆಸಿಕೊಳ್ಳುತ್ತೇವೆ. ಆ ಬಟ್ಟೆಯಲ್ಲಿ, ಹಗ್ಗದಲ್ಲಿ, ಹಾಲಿನ ಯಂತ್ರದ ರಬ್ಬರಿನಲ್ಲಿ ರೋಗಾಣು ದಿನಗಟ್ಟಲೆ ಬದುಕಿರುತ್ತದೆ. ಗಾಯದ ಮೇಲೆ ಕೂರುವ ನೊಣವೂ ಅದನ್ನು ಹೊತ್ತೊಯ್ಯುತ್ತದೆ.

ಇನ್ನೊಂದು ದಿಕ್ಕನ್ನೂ ಮರೆಯಬಾರದು. ಕೈಯಲ್ಲಿ ಕುರು ಇರುವವರು, ಮೂಗು ಮುಟ್ಟಿಕೊಂಡ ಕೈಯಲ್ಲೇ ಕರೆಯುವವರು ತಮ್ಮ ರೋಗಾಣುವನ್ನು ಹಸುವಿಗೆ ಕೊಡುತ್ತಾರೆ.

ಬಗ್ಗದ ತಳಿಯನ್ನು ಬೆಳೆಸುವ ಅಭ್ಯಾಸಗಳು

1. ಪಶುವೈದ್ಯರು ಹೇಳಿದಷ್ಟು ದಿನ ಚಿಕಿತ್ಸೆ ಮಾಡಿಸದೆ, ಗರಣೆ ನಿಂತ ಕೂಡಲೇ ನಿಲ್ಲಿಸುವುದು.

2. ಉಳಿದ ಅರ್ಧ ಬಾಟಲಿಯನ್ನು ಮಾಡಿನಲ್ಲಿಟ್ಟು, ಮುಂದಿನ ಬಾರಿ ಕರುವಿಗೋ ಪಕ್ಕದ ಮನೆಯ ಹಸುವಿಗೋ ಅಂದಾಜಿನಲ್ಲಿ ಚುಚ್ಚುವುದು.

3. ಅಂಗಡಿಯಲ್ಲಿ ಚೀಟಿಯಿಲ್ಲದೆ ಔಷಧಿ ತರುವುದು. ಆಂಟಿಬಯೋಟಿಕ್ ಔಷಧಿಗಳನ್ನು ವೈದ್ಯರ ಚೀಟಿಯ ಮೇಲೆಯೇ ಮಾರಬೇಕೆಂಬುದು ಕಾನೂನು.

4. ವೈರಸ್ ರೋಗಕ್ಕೆ ಆಂಟಿಬಯೋಟಿಕ್ ಒತ್ತಾಯಿಸುವುದು. 2019ರಲ್ಲಿ ನಮ್ಮ ದೇಶಕ್ಕೆ ಕಾಲಿಟ್ಟು 2022ರಲ್ಲಿ ವ್ಯಾಪಕವಾಗಿ ಹರಡಿದ ಚರ್ಮಗಂಟು ರೋಗ ವೈರಸ್ಸಿನಿಂದ ಬರುವಂಥದ್ದು. ಗಂಟು ಒಡೆದು ಕೀವಾದಾಗ ಆಂಟಿಬಯೋಟಿಕ್ ಬೇಕಾಗಬಹುದು, ಆದರೆ ವೈರಸ್ಸಿನ ಮೇಲೆ ಅದು ನಡೆಯದು.

5. ಚಿಕಿತ್ಸೆ ನಡೆಯುತ್ತಿರುವ ಹಸುವಿನ ಹಾಲನ್ನು ಚೆಲ್ಲಲು ಮನಸ್ಸಾಗದೆ ಕರುವಿಗೆ ಕುಡಿಸುವುದು. ಕರುವಿನ ಕರುಳಿನಲ್ಲಿರುವ ರೋಗಾಣುಗಳಿಗೆ ಅರೆಪ್ರಮಾಣದ ಔಷಧಿ ದಿನವೂ ಸಿಕ್ಕಂತಾಗುತ್ತದೆ.

ಪೆನಿಸಿಲಿನ್, ಆಕ್ಸಿಟೆಟ್ರಾಸೈಕ್ಲಿನ್, ಜೆಂಟಾಮೈಸಿನ್, ಸೆಫ್ಟ್ರಿಯಾಕ್ಸೋನ್ ಎಂಬ ಹೆಸರುಗಳು ಹಸುವಿನ ಚೀಟಿಯಲ್ಲೂ ಬರುತ್ತವೆ, ಮನುಷ್ಯರ ಆಸ್ಪತ್ರೆಯಲ್ಲೂ ಇವೇ ಅಥವಾ ಇವುಗಳ ದಾಯಾದಿಗಳು ಬಳಕೆಯಾಗುತ್ತವೆ. ಕೊಟ್ಟಿಗೆಯಲ್ಲಿ ಹಾಳು ಮಾಡಿದ ಔಷಧಿ ನಾಳೆ ಮೊಮ್ಮಗುವಿನ ಕುರುವಿಗೂ ನಾಟದೆ ಹೋಗಬಹುದು.

ತಡೆಯುವ ಕ್ರಮ: ಹಾಲು ಕರೆಯುವಾಗ

1. ಸರದಿ: ಚೊಚ್ಚಲ ಹಾಗೂ ಆರೋಗ್ಯವಂತ ಹಸುಗಳನ್ನು ಮೊದಲು ಕರೆಯಿರಿ. ಗುಳ್ಳೆ ಅಥವಾ ಬಾವು ಇರುವ ಹಸುವನ್ನು ಕಟ್ಟಕಡೆಗೆ ಕರೆಯಿರಿ. ಇದಕ್ಕೆ ಒಂದು ಪೈಸೆಯೂ ಖರ್ಚಿಲ್ಲ.

2. ಕೈ: ಉಗುರು ಕತ್ತರಿಸಿ, ಸೋಪು ಹಚ್ಚಿ ಕೈ ತೊಳೆದು ಒಣಗಿಸಿಕೊಳ್ಳಿ. ಹಸುವಿನಿಂದ ಹಸುವಿಗೆ ಹೋಗುವಾಗ ಮತ್ತೆ ತೊಳೆಯಿರಿ.

3. ಬಟ್ಟೆ: ಒಂದು ಹಸುವಿಗೆ ಒಂದು ಬಟ್ಟೆ. ಹಳೆಯ ಹತ್ತಿ ಸೀರೆಯನ್ನು ತುಂಡು ಮಾಡಿಟ್ಟುಕೊಂಡರೆ ಸಾಕು. ಬಳಸಿದ್ದನ್ನು ಕುದಿಯುವ ನೀರಿನಲ್ಲಿ ಹಾಕಿ ಒಗೆದು ಬಿಸಿಲಿಗೆ ಒಣಹಾಕಿ. ಕೆಚ್ಚಲನ್ನೆಲ್ಲ ತೋಯಿಸಬೇಡಿ; ತೊಟ್ಟುಗಳನ್ನು ಮಾತ್ರ ತೊಳೆದು ಪೂರ್ತಿ ಒರೆಸಿ. ಒದ್ದೆ ತೊಟ್ಟಿನಿಂದ ಇಳಿಯುವ ನೀರೇ ರೋಗಾಣುವಿನ ಕಾಲುವೆ.

4. ಮೊದಲ ಧಾರೆ: ಪ್ರತಿ ತೊಟ್ಟಿನ ಮೊದಲ 2-3 ಧಾರೆಗಳನ್ನು ಕಪ್ಪು ಬಟ್ಟೆ ಕಟ್ಟಿದ ಲೋಟಕ್ಕೆ ಹಿಂಡಿ ಗರಣೆ ಇದೆಯೇ ನೋಡಿ. ಕೈಗೂ ನೆಲಕ್ಕೂ ಹಿಂಡಬೇಡಿ.

5. ಮುಷ್ಟಿ ವಿಧಾನ: ಹೆಬ್ಬೆರಳು ಮಡಚದೆ, ತೊಟ್ಟನ್ನು ಇಡೀ ಮುಷ್ಟಿಯಲ್ಲಿ ಹಿಡಿದು ಕರೆಯಿರಿ. ಬೆರಳನ್ನು ಹಾಲಿನಲ್ಲಿ ಅದ್ದಬೇಡಿ.

6. ಕರೆದ ನಂತರ: ಪ್ರತಿ ತೊಟ್ಟನ್ನೂ ಅಯೋಡಿನ್ ಇರುವ ತೊಟ್ಟು ಅದ್ದುವ ದ್ರಾವಣದಲ್ಲಿ ಅದ್ದಿ. ಸಾಮಾನ್ಯವಾಗಿ ಶೇ. 0.5 ಅಯೋಡಿನ್ ಜೊತೆಗೆ ಗ್ಲಿಸರಿನ್ ಸೇರಿದ ದ್ರಾವಣ ಬಳಕೆಯಲ್ಲಿದೆ. ಗ್ಲಿಸರಿನ್ ಚರ್ಮ ಒಡೆಯದಂತೆ ಕಾಪಾಡುತ್ತದೆ. ಮುಂದಿನ ಸಲ ಕರೆಯುವ ಮೊದಲು ಒರೆಸಿ ತೆಗೆಯಲು ಮರೆಯಬೇಡಿ.

7. ನಿಲ್ಲಿಸುವುದು: ಕರೆದ ಮೇಲೆ ಅರ್ಧದಿಂದ ಒಂದು ಗಂಟೆಯವರೆಗೆ ಮೊಲೆಯ ರಂಧ್ರ ಪೂರ್ತಿ ಮುಚ್ಚಿರುವುದಿಲ್ಲ. ಆ ಹೊತ್ತಿಗೆ ಹಸಿರು ಮೇವು ಹಾಕಿದರೆ ಹಸು ನಿಂತೇ ಇರುತ್ತದೆ.

8. ಹೊಸ ಹಸು: ಸಂತೆಯಿಂದ ತರುವ ಹಸುವಿನ ತೊಟ್ಟುಗಳನ್ನು ಮುಟ್ಟಿ ನೋಡಿ, ನಾಲ್ಕೂ ತೊಟ್ಟಿನ ಹಾಲನ್ನು ಸಿ.ಎಂ.ಟಿ. ಪರೀಕ್ಷೆ ಮಾಡಿಸಿ. ಸಮಪ್ರಮಾಣದ ಹಾಲು ಮತ್ತು ದ್ರಾವಣ ಬೆರೆಸಿ ತಟ್ಟೆಯನ್ನು ತಿರುಗಿಸಿದಾಗ ಲೋಳೆಯಾದರೆ ಒಳಗೆ ಬಾವು ಅಡಗಿದೆ ಎಂದರ್ಥ. ಹೊಸ ಹಸುವನ್ನು ಕೆಲವು ದಿನ ಕೊನೆಗೇ ಕರೆಯಿರಿ.

ಗುಳ್ಳೆ ಅಥವಾ ಬಾವು ಬಂದಾಗ

ಗುಳ್ಳೆಗಳನ್ನು ಚಿವುಟಿ ಒಡೆಯಬೇಡಿ. ನಂಜುನಿವಾರಕ ದ್ರಾವಣದಿಂದ ಮೆತ್ತಗೆ ತೊಳೆದು, ಒರೆಸಿ, ತೊಟ್ಟು ಅದ್ದುವುದನ್ನು ಮುಂದುವರಿಸಿ. ಬಾವು, ಬಿಸಿ, ಗಟ್ಟಿತನ ಅಥವಾ ಗರಣೆ ಕಂಡರೆ ಅದೇ ದಿನ ಪಶುವೈದ್ಯರನ್ನು ಕರೆಯಿರಿ.

ಒಂದು ಸಲದ ಚಿಕಿತ್ಸೆಗೆ ವಾಸಿಯಾಗದಿದ್ದರೆ, ಇನ್ನೂ ದುಬಾರಿ ಇಂಜೆಕ್ಷನ್ನಿಗೆ ದುಂಬಾಲು ಬೀಳುವ ಬದಲು ಹಾಲಿನ ಪರೀಕ್ಷೆ ಮಾಡಿಸಲು ಕೇಳಿ. ಪ್ರಯೋಗಾಲಯದಲ್ಲಿ ರೋಗಾಣುವನ್ನು ಬೆಳೆಸಿ, ಯಾವ ಔಷಧಿಗೆ ಬಗ್ಗುತ್ತದೆ ಎಂದು ನೋಡುತ್ತಾರೆ. ಸಾಮಾನ್ಯವಾಗಿ 2-3 ದಿನ ಬೇಕು. ಬೆಂಗಳೂರಿನ ಹೆಬ್ಬಾಳದಲ್ಲಿರುವ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆಯಲ್ಲಿ ರೋಗ ಪತ್ತೆಯ ಕೆಲಸ ನಡೆಯುತ್ತದೆ. ನಿಮಗೆ ಹತ್ತಿರದ ಪ್ರಯೋಗಾಲಯ ಯಾವುದೆಂದು ನಿಮ್ಮ ಪಶುವೈದ್ಯರೇ ತಿಳಿಸುತ್ತಾರೆ. ಮಾದರಿಯನ್ನು ಔಷಧಿ ಕೊಡುವ ಮೊದಲೇ ತೆಗೆಯಬೇಕು. ತೊಟ್ಟಿನ ತುದಿಯನ್ನು ಸ್ಪಿರಿಟ್ಟಿನಿಂದ ಒರೆಸಿ, ಮೊದಲ ಧಾರೆಗಳನ್ನು ಬಿಟ್ಟು, ಶುದ್ಧೀಕರಿಸಿದ ಸೀಸೆಗೆ ಹಿಂಡಿ, ಮಂಜುಗಡ್ಡೆಯಲ್ಲಿಟ್ಟು ಕಳುಹಿಸಬೇಕು. ಸ್ಟೀಲ್ ಲೋಟದಲ್ಲಿ ತಂದ ಹಾಲಿನಿಂದ ಸರಿಯಾದ ಉತ್ತರ ಸಿಗದು.

ಚಿಕಿತ್ಸೆಯ ದಿನಗಳಲ್ಲಿ ಹಾಗೂ ಆಮೇಲೆ ಲೇಬಲ್ಲಿನಲ್ಲಿ ಹೇಳಿದಷ್ಟು ದಿನ ಹಾಲನ್ನು ಸಂಘಕ್ಕೆ ಹಾಕಬೇಡಿ. ಒಂದೇ ತೊಟ್ಟಿಗೆ ಔಷಧಿ ಬಿಟ್ಟಿದ್ದರೂ ನಾಲ್ಕೂ ತೊಟ್ಟಿನ ಹಾಲು ಬೇಡ. ದಿನಕ್ಕೆ 10 ಲೀಟರ್ ಕೊಡುವ ಹಸು, 4 ದಿನ ಚಿಕಿತ್ಸೆ, ನಂತರ 4 ದಿನ ಎಂದರೆ 80 ಲೀಟರ್. ನಿಮ್ಮ ಸಂಘದ ದರದಿಂದ ಗುಣಿಸಿ ನೋಡಿ. ಆ ಹಣದ ಎದುರು ಒಂದು ಬಾಟಲಿ ತೊಟ್ಟು ಅದ್ದುವ ದ್ರಾವಣ, ಒಂದು ಸೋಪು ಎಷ್ಟರದು?

ಮನೆಯವರ ಚರ್ಮದ ರಕ್ಷಣೆ

ಕೈಯಲ್ಲಿ ಕುರು ಅಥವಾ ಕೀವುಗಾಯ ಇದ್ದವರು ವಾಸಿಯಾಗುವ ತನಕ ಹಾಲು ಕರೆಯದಿರುವುದು ಒಳ್ಳೆಯದು. ಅನಿವಾರ್ಯವಾದರೆ ಗಾಯವನ್ನು ಪೂರ್ತಿ ಮುಚ್ಚಿ, ಕೈಗವಸು ಹಾಕಿಕೊಳ್ಳಿ. ಕುರುವನ್ನು ಹಿಂಡಬಾರದು, ಸೂಜಿಯಿಂದ ಚುಚ್ಚಬಾರದು. ಕೀವು ತಾಗಿದ ಬ್ಯಾಂಡೇಜನ್ನು ಚೀಲದಲ್ಲಿ ಕಟ್ಟಿ ಬಿಸಾಡಿ.

ಟವಲು, ಕ್ಷೌರದ ಬ್ಲೇಡು, ಹಾಸಿಗೆ ಬಟ್ಟೆಗಳನ್ನು ಹಂಚಿಕೊಳ್ಳಬೇಡಿ. ಕುಸ್ತಿ ಆಡುವ ಹುಡುಗರು, ವಿದ್ಯಾರ್ಥಿ ನಿಲಯದಲ್ಲಿರುವ ಮಕ್ಕಳು ಇದನ್ನು ವಿಶೇಷವಾಗಿ ಪಾಲಿಸಬೇಕು. ಮೈಗೆ ಮೈ ತಾಗುವ ಆಟ, ಒಂದೇ ಟವಲು, ಸಣ್ಣ ಗೀರು ಇವು ಮೂರೂ ಸೇರಿದ ಕಡೆ ಈ ಸೋಂಕು ಬೇಗ ಹಬ್ಬುತ್ತದೆ.

ಕೆಂಪು ಹರಡುತ್ತಿದ್ದರೆ, ಜ್ವರ ಬಂದರೆ, ಮುಖದ ಮೇಲೆ ಕುರು ಎದ್ದರೆ, ಸಕ್ಕರೆ ಕಾಯಿಲೆಯವರಿಗೆ ಅಥವಾ ಹಸುಗೂಸಿಗೆ ಬಂದರೆ ತಡಮಾಡದೆ ವೈದ್ಯರಲ್ಲಿಗೆ ಹೋಗಿ. ಮನೆಯಲ್ಲಿ ಹಸುಗಳಿವೆ, ಅವಕ್ಕೆ ಬಾವು ಬಂದಿತ್ತು ಎಂಬುದನ್ನೂ ಹೇಳಿ. ಅನೇಕ ಕುರುಗಳಿಗೆ ವೈದ್ಯರು ಕೀವು ತೆಗೆದು ಶುಚಿ ಮಾಡುವುದೇ ಮುಖ್ಯ ಚಿಕಿತ್ಸೆ. ಬಗ್ಗದ ತಳಿ ಎಂದು ಗೊತ್ತಾದರೂ ಧೈರ್ಯಗೆಡಬೇಕಿಲ್ಲ. ಅದಕ್ಕೆ ನಾಟುವ ಬೇರೆ ಔಷಧಿಗಳು ಇನ್ನೂ ಇವೆ. ಅವನ್ನೂ ಕಳೆದುಕೊಳ್ಳದಿರುವುದೇ ನಮ್ಮ ಮುಂದಿರುವ ಕೆಲಸ.

ಸದಸ್ಯರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು

ಪ್ರಶ್ನೆ: ಹಾಲು ಕುಡಿದರೆ ಈ ಸೋಂಕು ಬರುತ್ತದೆಯೇ?
ಉತ್ತರ: ಹಾಲನ್ನು ಚೆನ್ನಾಗಿ ಕಾಯಿಸಿದರೆ ರೋಗಾಣು, ಬಗ್ಗದ ತಳಿಯೂ ಸೇರಿ, ಸಾಯುತ್ತದೆ. ಡೇರಿಯ ಪಾಶ್ಚರೀಕರಣದಲ್ಲಿಯೂ ಸಾಯುತ್ತದೆ. ಹಸಿ ಹಾಲು ಕುಡಿಯಬೇಡಿ. ಆದರೆ ರೋಗಾಣು ಇರುವ ಹಾಲನ್ನು ಗಂಟೆಗಟ್ಟಲೆ ಬೆಚ್ಚಗೆ ಬಿಟ್ಟರೆ ಅದು ಬಿಡುವ ವಿಷ, ಕಾಯಿಸಿದರೂ ಹೋಗುವುದಿಲ್ಲ. ಕರೆದ ಹಾಲನ್ನು ತಡಮಾಡದೆ ಸಂಘಕ್ಕೆ ತರಬೇಕೆನ್ನುವುದಕ್ಕೆ ಇದೂ ಒಂದು ಕಾರಣ.

ಪ್ರಶ್ನೆ: ಕಾಯಿಸಿದರೆ ಹಾಲಿನಲ್ಲಿರುವ ಔಷಧಿಯ ಅಂಶವೂ ಹೋಗುತ್ತದೆಯಲ್ಲವೇ?
ಉತ್ತರ: ಇಲ್ಲ. ಹಲವು ಆಂಟಿಬಯೋಟಿಕ್‌ಗಳು ಕಾಯಿಸಿದರೂ ಉಳಿಯುತ್ತವೆ. ಅಂಥ ಹಾಲಿಗೆ ಹೆಪ್ಪು ಹಾಕಿದರೆ ಮೊಸರು ಸರಿಯಾಗಿ ಕಟ್ಟದಿರುವುದು ಇದರಿಂದಲೇ.

ಪ್ರಶ್ನೆ: ಲೋಳೆಸರ, ಅರಿಶಿನ, ಸುಣ್ಣದ ಲೇಪ ಹಚ್ಚಬಹುದೇ?
ಉತ್ತರ: ಹಚ್ಚಬಹುದು. ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿಯೂ ಕೆಚ್ಚಲು ಬಾವಿಗೆ ಈ ಲೇಪವನ್ನು ಪ್ರಚಾರ ಮಾಡುತ್ತಿದೆ. ಲೋಳೆಸರ 250 ಗ್ರಾಂ, ಅರಿಶಿನ ಪುಡಿ 50 ಗ್ರಾಂ, ಸುಣ್ಣ 15 ಗ್ರಾಂ ಸೇರಿಸಿ ರುಬ್ಬಿ, ನೀರಾಗಿಸಿ, ತೊಳೆದು ಹಾಲು ತೆಗೆದ ಕೆಚ್ಚಲಿಗೆ ದಿನಕ್ಕೆ ಹಲವು ಬಾರಿ ಹಚ್ಚುವುದು ಕ್ರಮ. ಬಾವಿನ ಆರಂಭದಲ್ಲಿಯೇ ಶುರು ಮಾಡಿ. ಆದರೆ ಹಸುವಿಗೆ ಜ್ವರ ಬಂದು ಮೇವು ಬಿಟ್ಟರೆ ಲೇಪವೊಂದನ್ನೇ ನಂಬಿ ಕೂರಬೇಡಿ.

ಪ್ರಶ್ನೆ: ಬಾವು ಮತ್ತೆ ಮತ್ತೆ ಬರುವ ಹಸುವನ್ನು ಏನು ಮಾಡುವುದು?
ಉತ್ತರ: ಅದನ್ನು ಯಾವಾಗಲೂ ಕೊನೆಗೆ ಕರೆಯಿರಿ, ಅದರ ಕರುವನ್ನು ಬೇರೆ ಹಸುವಿಗೆ ಬಿಡಬೇಡಿ. ಕರು ಹಾಕಲು ಸುಮಾರು 2 ತಿಂಗಳಿರುವಾಗ ಹಾಲು ಬತ್ತಿಸುವ ಹೊತ್ತಿನಲ್ಲಿ ಕೊಡುವ ಚಿಕಿತ್ಸೆ ಹೆಚ್ಚು ಫಲ ಕೊಡುತ್ತದೆ. ಪಶುವೈದ್ಯರೊಡನೆ ಮೊದಲೇ ಮಾತನಾಡಿ.

ನೆನಪಿಡಿ

ಔಷಧಿಗೆ ಬಗ್ಗದ ರೋಗಾಣುವೂ ಸೋಪಿಗೆ ಬಗ್ಗುತ್ತದೆ, ಕುದಿಯುವ ನೀರಿಗೆ ಬಗ್ಗುತ್ತದೆ, ಅಯೋಡಿನ್ನಿಗೆ ಬಗ್ಗುತ್ತದೆ. ಇವತ್ತು ಸಂಜೆಯ ಹಾಲಿನಿಂದಲೇ ಮೂರು ಕೆಲಸ ಶುರು ಮಾಡಿ: ಗುಳ್ಳೆ ಇರುವ ಹಸು ಕೊನೆಗೆ, ಒಂದು ಹಸುವಿಗೆ ಒಂದು ಬಟ್ಟೆ, ಹಸುವಿನಿಂದ ಹಸುವಿಗೆ ಹೋಗುವಾಗ ಕೈತೊಳೆತ. ಮಾಡಿನಲ್ಲಿ ಉಳಿದಿರುವ ಅರ್ಧ ಬಾಟಲಿ ಇದ್ದರೆ ಮುಂದಿನ ಸಲ ಪಶುವೈದ್ಯರು ಬಂದಾಗ ಅವರ ಕೈಗೆ ಕೊಟ್ಟುಬಿಡಿ.

ಪಶುವೈದ್ಯಕೀಯ ವಿಸ್ತರಣಾಧಿಕಾರಿ